ಗಣಕಯಂತ್ರದ ಪುನಃಸ್ಥಾಪನೆಯೂ ಪ್ರತಿಯ ಪ್ರಾಮಾಣ್ಯವೂ

೧

ಇತಿಹಾಸದ ವ್ಯಾಸಂಗಕ್ಕೆ ಇಂದು ಒದಗುವ ಆಕರಗಳಲ್ಲಿ ಒಂದು ದೊಡ್ಡ ಭಾಗವು ಗಣಕಯಂತ್ರದ ಹಾರ್ಡ್ ಡಿಸ್ಕಿನ ಮೇಲೆ ನೆಲಸಿದೆ. ರೈತನ ಪಹಣಿ, ಶಾಸನದ ಛಾಯಾಚಿತ್ರ, ವಿದ್ಯಾರ್ಥಿಯ ಸಂಶೋಧನ ಪ್ರಬಂಧ, ಕಛೇರಿಯ ಪತ್ರವ್ಯವಹಾರ, ಇವೆಲ್ಲವೂ ಅಲ್ಲಿ ಕೂಡಿವೆ. ಶಿಲೆಯ ಮೇಲಿನ ಬರೆಹ ಸಾವಿರ ವರ್ಷ ಬಾಳಬಲ್ಲುದು. ತಾಳೆಯೋಲೆಯೂ ಕಡತವೂ ಜೋಪಾನ ಮಾಡಿದಲ್ಲಿ ಕೆಲವು ಶತಮಾನಗಳವರೆಗೆ ಉಳಿಯಬಲ್ಲುವು. ಹಾರ್ಡ್ ಡಿಸ್ಕಿನ ಆಯುಸ್ಸಾದರೋ ಸಾಮಾನ್ಯವಾಗಿ ಕೆಲವೇ ವರ್ಷಗಳದು. ಆದುದರಿಂದ ಅದನ್ನು ಬದಲಾಯಿಸುವುದು ಎಂದೋ ಒಮ್ಮೆ ಒದಗುವ ಅಪಘಾತವಲ್ಲ. ಮನೆಯ ಹಂಚನ್ನು ಮಳೆಗಾಲಕ್ಕೆ ಮೊದಲು ಕೈಯಾಡಿಸುವಂತೆ ಕಾಲಕಾಲಕ್ಕೆ ಮಾಡಲೇಬೇಕಾದ ಕಾರ್ಯ.

ಹಳೆಯ ಡಿಸ್ಕನ್ನು ತೆಗೆದು ಹೊಸದನ್ನು ಕೂರಿಸುವ ಕೆಲಸ ಹತ್ತು ನಿಮಿಷದ್ದು. ಆದರೆ ಹೊಸ ಡಿಸ್ಕಿನ ಮೇಲೆ ಹಳೆಯ ವ್ಯವಸ್ಥೆಯನ್ನು ಮತ್ತೆ ನಿಲ್ಲಿಸುವುದು ಬೇರೆಯೇ ಬಗೆಯ ಕೆಲಸ. ಅಲ್ಲಿ ಏನು ಮರಳಿ ಬರುತ್ತದೆ, ಏನು ಬದಲಾಗಿ ಬರುತ್ತದೆ, ಏನು ಬಾರದೆಯೇ ಹೋಗುತ್ತದೆ ಎಂಬ ಪ್ರಶ್ನೆಗಳು ಯಂತ್ರ ದುರಸ್ತಿ ಮಾಡುವವನಿಗೆ ಮಾತ್ರ ಸೇರಿದವಲ್ಲ. ಮೂಲವಾವುದು, ಪ್ರತಿಯಾವುದು, ಪ್ರತಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಶಾಸನಗಳನ್ನು ಕುರಿತು ವಿದ್ವಾಂಸರು ನೂರೈವತ್ತು ವರ್ಷಗಳಿಂದ ಕೇಳುತ್ತ ಬಂದಿರುವ ಪ್ರಶ್ನೆಗಳೇ ಇಲ್ಲಿ ಹೊಸ ವೇಷದಲ್ಲಿ ತಲೆದೋರಿವೆ. ಬೆಂಗಳೂರಿನ ದಂಡುಪ್ರದೇಶವನ್ನೂ ಅದರ ಪೂರ್ವಕ್ಕಿರುವ ಹಲಸೂರು, ದೊಮ್ಮಲೂರು, ಇಂದಿರಾನಗರ, ಕೃಷ್ಣರಾಜಪುರಗಳನ್ನೂ ನಿದರ್ಶನವಾಗಿಟ್ಟುಕೊಂಡು ಈ ವಿಷಯವನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಈ ಭೂಭಾಗವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಬ್ರಿಟಿಷರು ೧೮೦೯ರಲ್ಲಿ ದಂಡನ್ನು ನೆಲೆಗೊಳಿಸಿದ ಈ ಪ್ರದೇಶವು ೧೯೪೭ರವರೆಗೆ ಬೆಂಗಳೂರು ಪೇಟೆಯಿಂದ ಬೇರೆಯಾದ ಆಡಳಿತವನ್ನು ಹೊಂದಿದ್ದಿತು. ಸ್ವಾತಂತ್ರ್ಯಾನಂತರ ಅದರ ಪೂರ್ವದ ಅಂಚಿನಲ್ಲಿ ಯಂತ್ರೋದ್ಯಮವು ಬೇರೂರಿತು. ೧೯೪೮ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸಂಸ್ಥೆಯು ಕೃಷ್ಣರಾಜಪುರದ ಬಳಿಯ ದೂರವಾಣಿನಗರಕ್ಕೆ ಆ ಹೆಸರನ್ನೇ ತಂದುಕೊಟ್ಟಿತು. ಕೋಡಿಹಳ್ಳಿಯ ಸಮೀಪದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ೧೯೮೬ರಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು ನಿರ್ಮಿಸಲಾಯಿತು. ಅದಕ್ಕೆ ಒಂದು ವರ್ಷ ಮೊದಲು, ೧೯೮೫ರಲ್ಲಿ, ದಂಡುಪ್ರದೇಶದ ಮಿಲ್ಲರ್ಸ್ ರಸ್ತೆಯಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ತನ್ನ ಕಛೇರಿಯನ್ನು ತೆರೆದು ಉಪಗ್ರಹದ ಮೂಲಕ ದತ್ತಾಂಶವನ್ನು ಪರದೇಶಕ್ಕೆ ಕಳುಹಿಸತೊಡಗಿತು. ಬರೆಹವು ತನ್ನ ಆಧಾರದ್ರವ್ಯವನ್ನು ಇಲ್ಲಿಯೇ ಬಿಟ್ಟು ತಾನು ಮಾತ್ರ ದೇಶಾಂತರಕ್ಕೆ ಹೋಗಬಲ್ಲುದೆಂಬುದನ್ನು ಈ ಊರು ಹೀಗೆ ಮೊದಲೇ ಕಂಡುಕೊಂಡಿತು.

ಡಿಸ್ಕಿನ ಚರಿತ್ರೆಯು ಅದಕ್ಕಿಂತ ತುಸು ಹಳೆಯದು. ೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆಯು ಪ್ರಕಟಿಸಿದ ‘ರಾಮಾಕ್’ ಎಂಬ ಗಣಕದಲ್ಲಿ ೨೪ ಅಂಗುಲ ವ್ಯಾಸದ ೫೦ ಫಲಕಗಳಿದ್ದುವು; ಅವೆಲ್ಲವೂ ಸೇರಿ ೫೦ ಲಕ್ಷ ಅಕ್ಷರಗಳನ್ನು ಧರಿಸುತ್ತಿದ್ದುವು. ೧೯೮೦ರಲ್ಲಿ ಅಷ್ಟೇ ಪ್ರಮಾಣದ, ಎಂದರೆ ೫ ಮೆಗಾಬೈಟುಗಳ, ದತ್ತಾಂಶವನ್ನು ಐದೂಕಾಲು ಅಂಗುಲದ ಪೆಟ್ಟಿಗೆಯಲ್ಲಿ ಅಡಗಿಸಿದ ಡಿಸ್ಕು ಮಾರುಕಟ್ಟೆಗೆ ಬಂದಿತು. ೧೯೮೩ರಲ್ಲಿ ಹೊರಬಂದ ಐ.ಬಿ.ಎಂ. ಪಿ.ಸಿ. ಎಕ್ಸ್.ಟಿ. ಎಂಬ ಮೇಜಿನ ಗಣಕದೊಳಗೆ ೧೦ ಮೆಗಾಬೈಟುಗಳ ಡಿಸ್ಕು ಸೇರಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಹಾರ್ಡ್ ಡಿಸ್ಕಿಗೆ ಮೊದಲ ಬಾರಿಗೆ ಅನುವು ಮಾಡಿಕೊಟ್ಟ ಅದೇ ವರ್ಷದ ಡಾಸ್ ೨.೦ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿಯೇ ‘ಬ್ಯಾಕಪ್’ ಮತ್ತು ‘ರೀಸ್ಟೋರ್’ ಎಂಬ ಎರಡು ಆಜ್ಞೆಗಳೂ ಇದ್ದುವು. ಎಂದರೆ, ಈ ದ್ರವ್ಯವು ಕೈಕೊಡುವುದೆಂಬ ಅರಿವು ಅದನ್ನು ರೂಪಿಸಿದವರಿಗೆ ಆರಂಭದಿಂದಲೇ ಇದ್ದಿತೆಂದು ತಿಳಿಯಬಹುದು.

ಆ ಮೇಲಿನ ಬೆಳವಣಿಗೆಗಳು ಈ ಅರಿವಿನ ವಿಸ್ತಾರವೇ ಆಗಿವೆ. ಅಗ್ಗದ ಹಲವು ಡಿಸ್ಕುಗಳನ್ನು ಜೋಡಿಸಿ, ಒಂದು ಕೆಟ್ಟರೂ ದತ್ತಾಂಶವು ಉಳಿಯುವಂತೆ ಮಾಡುವ ‘ರೇಡ್’ ಎಂಬ ವಿಧಾನವನ್ನು ೧೯೮೮ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಸ್ ಎಂಬ ಮೂವರು ನಿರೂಪಿಸಿದರು. ೧೯೯೦ರ ದಶಕದ ಮಧ್ಯಭಾಗದಲ್ಲಿ ನ್ಯೂಜಿಲೆಂಡಿನಲ್ಲಿ ರಚಿತವಾದ ‘ಘೋಸ್ಟ್’ ಎಂಬ ತಂತ್ರಾಂಶವು ಇಡೀ ಡಿಸ್ಕನ್ನೇ ಒಂದು ಪ್ರತಿಬಿಂಬವಾಗಿ ತೆಗೆದಿಟ್ಟು ಬೇರೊಂದು ಡಿಸ್ಕಿನ ಮೇಲೆ ಒತ್ತುವ ಪದ್ಧತಿಯನ್ನು ಪ್ರಚಾರಕ್ಕೆ ತಂದಿತು.

೩

ಈ ಪ್ರತಿಬಿಂಬದಲ್ಲಿ ಏನೇನು ಅಡಗಿರಬೇಕು ಎಂಬುದನ್ನು ತಿಳಿಯದೆ ಪುನಃಸ್ಥಾಪನೆಯ ತೊಡಕುಗಳು ಅರ್ಥವಾಗುವುದಿಲ್ಲ. ಡಿಸ್ಕಿನ ಮೇಲಿನ ಬರೆಹವು ಒಂದೇ ಪದರದ್ದಲ್ಲ. ಹಳೆಯ ಮಾದರಿಯ ಡಿಸ್ಕಿನಲ್ಲಿ ಮೊಟ್ಟಮೊದಲ ೫೧೨ ಬೈಟುಗಳ ಭಾಗವೇ ಇಡೀ ಡಿಸ್ಕಿನ ಪೀಠಿಕೆ. ಅದರಲ್ಲಿ ೪೪೬ ಬೈಟುಗಳು ಯಂತ್ರವನ್ನು ಎಚ್ಚರಿಸುವ ಭಾಗಕ್ಕೂ, ೬೪ ಬೈಟುಗಳು ಡಿಸ್ಕನ್ನು ನಾಲ್ಕು ವಿಭಾಗಗಳವರೆಗೆ ಹಂಚಿರುವ ಪಟ್ಟಿಗೂ, ಕಡೆಯ ೨ ಬೈಟುಗಳು ಮುದ್ರೆಗೂ ಮೀಸಲು. ಇದರ ಮೇಲಿನ ಪದರವು ಕಡತಗಳ ಹೆಸರು ಮತ್ತು ಸ್ಥಾನಗಳ ಸೂಚಿ. ಮೂರನೆಯದು ಕಾರ್ಯಾಚರಣ ವ್ಯವಸ್ಥೆ. ನಾಲ್ಕನೆಯದು ತಂತ್ರಾಂಶಗಳೂ ಅಕ್ಷರಗಳ ಫಾಂಟುಗಳೂ. ಐದನೆಯದು ಬಳಸುವವನ ಸ್ವಂತ ಬರೆಹ. ನಾವು ಸಾಮಾನ್ಯವಾಗಿ ಐದನೆಯ ಪದರವನ್ನು ಮಾತ್ರ ‘ನಮ್ಮದು’ ಎಂದೆಣಿಸಿ ಅದನ್ನಷ್ಟೇ ಪೆನ್ ಡ್ರೈವಿಗೆ ಇಳಿಸಿಕೊಳ್ಳುತ್ತೇವೆ. ಡಿಸ್ಕು ಹೋದ ಬಳಿಕ ಉಳಿದ ನಾಲ್ಕು ಪದರಗಳೂ ನಮ್ಮವೇ ಆಗಿದ್ದುವೆಂಬುದು ಗೋಚರವಾಗುತ್ತದೆ.

ಹೊಸ ಡಿಸ್ಕನ್ನು ಕೂರಿಸಿದವನು ಮೊದಲು ಯಂತ್ರವು ಅದನ್ನು ಗುರುತಿಸಿತೇ ಎಂದು ನೋಡಬೇಕು, ಬಳಿಕ ವಿಭಾಗಗಳನ್ನು ಮಾಡಬೇಕು, ಪ್ರತಿಬಿಂಬವನ್ನು ಇಳಿಸಬೇಕು, ಎಚ್ಚರಿಸುವ ಭಾಗವನ್ನು ಸರಿಪಡಿಸಬೇಕು, ಕಟ್ಟಕಡೆಗೆ ಕಡತಗಳು ಯಥಾವತ್ತಾಗಿ ಬಂದಿವೆಯೇ ಎಂದು ತಾಳೆನೋಡಬೇಕು. ಈ ಕ್ರಮದಲ್ಲಿ ಎರಡೆಡೆ ಎಡವುವ ಸಂಭವ ಹೆಚ್ಚು. ಹಳೆಯ ಮಾದರಿಯ ವಿಭಾಗಪಟ್ಟಿಯು ಸುಮಾರು ೨ ಟೆರಾಬೈಟುಗಳಾಚೆಗಿನ ಜಾಗವನ್ನು ಎಣಿಸಲಾರದು. ಆದುದರಿಂದ ದೊಡ್ಡ ಡಿಸ್ಕಿಗೆ ಹಳೆಯ ಪಟ್ಟಿಯನ್ನು ಹಾಗೆಯೇ ತಂದಲ್ಲಿ ಮಿಕ್ಕ ಜಾಗವು ಹಕ್ಕುದಾರನಿಲ್ಲದ ಬೀಳುಭೂಮಿಯಂತೆ ಉಳಿಯುತ್ತದೆ. ಎರಡನೆಯ ತೊಡಕು ಹೆಸರಿಗೆ ಸಂಬಂಧಿಸಿದುದು. ವ್ಯವಸ್ಥೆಯು ಡಿಸ್ಕನ್ನು ಅದು ಕುಳಿತ ಸ್ಥಾನದಿಂದ ಗುರುತಿಸುತ್ತಿದ್ದರೆ, ಎರಡು ಡಿಸ್ಕುಗಳನ್ನು ಅದಲುಬದಲಾಗಿ ಜೋಡಿಸಿದ ಮಾತ್ರಕ್ಕೆ ಮೊದಲನೆಯದು ಎರಡನೆಯದಾಗಿ ಎಲ್ಲವೂ ಏರುಪೇರಾಗುತ್ತದೆ. ಅದಕ್ಕೆ ಬದಲಾಗಿ ಪ್ರತಿಯೊಂದು ವಿಭಾಗಕ್ಕೂ ಅದರದೇ ಆದ ೧೨೮ ಬಿಟ್ಟುಗಳ ಗುರುತುಸಂಖ್ಯೆಯನ್ನು ಕೊಡುವ ಪದ್ಧತಿ ಈಚೆಗೆ ರೂಢವಾಗಿದೆ. ಆದರೆ ಹೊಸದಾಗಿ ಮಾಡಿದ ವಿಭಾಗಕ್ಕೆ ಹೊಸ ಸಂಖ್ಯೆ ಬರುತ್ತದೆ. ವ್ಯವಸ್ಥೆಯ ಪಟ್ಟಿಯಲ್ಲಾದರೋ ಹಳೆಯ ಸಂಖ್ಯೆಯೇ ಇರುತ್ತದೆ. ಬರೆಹವೆಲ್ಲವೂ ಕ್ಷೇಮವಾಗಿದ್ದಾಗ್ಯೂ ಯಂತ್ರವು ಏಳದಿರುವುದಕ್ಕೆ ಅನೇಕ ವೇಳೆ ಇದೊಂದೇ ಕಾರಣ.

೪

ಹೆಸರು ಮತ್ತು ಸ್ಥಾನಗಳ ಈ ಸಮಸ್ಯೆ ಇತಿಹಾಸದ ವಿದ್ಯಾರ್ಥಿಗೆ ಅಪರಿಚಿತವಲ್ಲ. ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದ ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ೯ನೆಯ ಸಂಪುಟವಾಗಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ೧೯೦೫ರಲ್ಲಿ ಪ್ರಕಟಿಸಿದರು. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ತಮಿಳು ಶಾಸನಗಳು ಈ ಸಂಪುಟದಲ್ಲಿ ಸೇರಿವೆ. ರೈಸ್ ಅವರು ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರಿನೊಡನೆ ಒಂದು ಕ್ರಮಸಂಖ್ಯೆಯನ್ನು ಕೊಟ್ಟರು. ತರುವಾಯ ತಾಲ್ಲೂಕುಗಳ ಎಲ್ಲೆಗಳು ಬದಲಾದುವು. ಅಂದಿನ ಬೆಂಗಳೂರು ತಾಲ್ಲೂಕು ಇಂದು ಒಂದಾಗಿ ಉಳಿದಿಲ್ಲ. ಕೃಷ್ಣರಾಜಪುರವು ಇಂದು ಬೆಂಗಳೂರು ಪೂರ್ವ ತಾಲ್ಲೂಕಿನ ಕೇಂದ್ರ. ಹೀಗಿದ್ದರೂ ವಿದ್ವಾಂಸರು ಇಂದಿಗೂ ಆ ಹಳೆಯ ಸಂಖ್ಯೆಯಿಂದಲೇ ಶಾಸನಗಳನ್ನು ಉಲ್ಲೇಖಿಸುತ್ತಾರೆ. ಸ್ಥಾನವು ಚಲಿಸಿದರೂ ಗುರುತು ಚಲಿಸದಿರುವುದರಿಂದಲೇ ನೂರು ವರ್ಷಗಳ ಹಿಂದಿನ ಲೇಖನವೂ ಇಂದಿನ ಲೇಖನವೂ ಒಂದೇ ಕಲ್ಲನ್ನು ಕುರಿತು ಮಾತನಾಡುತ್ತವೆಯೆಂದು ನಾವು ತಿಳಿಯಬಲ್ಲೆವು.

ಇನ್ನೂ ಮುಖ್ಯವಾದ ಅಂಶ ಬೇರೊಂದಿದೆ. ರೈಸ್ ಅವರ ಸಂಪುಟದಲ್ಲಿ ಅಚ್ಚಾಗಿರುವ ಶಾಸನಗಳಲ್ಲಿ ಅನೇಕವುಗಳ ಶಿಲೆಗಳು ನಗರವು ಬೆಳೆದಂತೆ ಕಣ್ಮರೆಯಾಗಿವೆ. ಕೆರೆಯ ಏರಿ ಒಡೆದಾಗ, ರಸ್ತೆ ಅಗಲವಾದಾಗ, ಹಳ್ಳಿಯ ಗೋಮಾಳವು ಬಡಾವಣೆಯಾದಾಗ ಕಲ್ಲುಗಳು ಅಡಿಪಾಯಕ್ಕೋ ಚರಂಡಿಯ ಹಾಸಿಗೋ ಸೇರಿಹೋದುವು. ಆ ಶಾಸನಗಳ ಪಾಠ ಮಾತ್ರ ಉಳಿದಿದೆ. ಏಕೆಂದರೆ ಕಲ್ಲು ಇದ್ದಾಗಲೇ ಒಬ್ಬರು ಅದರ ಪಡಿಯಚ್ಚನ್ನು ತೆಗೆದಿದ್ದರು, ಅದು ಕಲ್ಲಿದ್ದ ಊರನ್ನು ಬಿಟ್ಟು ಬೇರೆ ಬೇರೆ ಗ್ರಂಥಾಲಯಗಳಲ್ಲಿ ಹರಡಿತ್ತು. ೧೯೦೯ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯು ೨೦೨೧ರಲ್ಲಿ ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಗಣಕಕ್ಕೆ ಇಳಿಸುವ ಕಾರ್ಯವನ್ನು ಕೈಗೊಂಡಿತು. ಇದು ರೈಸ್ ಅವರ ಕಾರ್ಯದ ಮುಂದುವರಿಕೆಯೇ ಸರಿ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ೧೯೦೫ರ ಮುದ್ರಿತ ಸಂಪುಟವನ್ನು ಕಪಾಟಿನಲ್ಲಿಟ್ಟು ಮರೆತರೂ ಅದು ಉಳಿಯಿತು. ಗಣಕದ ಪ್ರತಿಯನ್ನು ಮರೆತಲ್ಲಿ ಅದು ಉಳಿಯಲಾರದು.

ಇಂಗ್ಲೆಂಡಿನಲ್ಲಿ ನಡೆದ ಒಂದು ಪ್ರಸಂಗವು ಇದಕ್ಕೆ ಸಾಕ್ಷಿ. ೧೦೮೬ರ ‘ಡೂಮ್ಸ್‌ಡೇ’ ಭೂದಾಖಲೆಯ ೯೦೦ನೆಯ ವರ್ಷದ ನೆನಪಿಗಾಗಿ ೧೯೮೬ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಆ ದೇಶದ ಜನಜೀವನದ ಹೊಸ ಸಂಗ್ರಹವೊಂದನ್ನು ಲೇಸರ್ ಡಿಸ್ಕುಗಳ ಮೇಲೆ ಪ್ರಕಟಿಸಿತು. ಹದಿನೈದು ವರ್ಷ ಕಳೆಯುವುದರೊಳಗೆ ಅವುಗಳನ್ನು ಓದುವ ಯಂತ್ರಗಳು ವಿರಳವಾದುವು. ಹಳೆಯ ಯಂತ್ರದ ನಡವಳಿಕೆಯನ್ನು ಹೊಸ ಯಂತ್ರದಲ್ಲಿ ಅನುಕರಿಸುವ ತಂತ್ರಾಂಶವನ್ನು ಲೀಡ್ಸ್ ಮತ್ತು ಮಿಚಿಗನ್ ವಿಶ್ವವಿದ್ಯಾನಿಲಯಗಳವರು ಪ್ರಯತ್ನಪೂರ್ವಕವಾಗಿ ರಚಿಸಬೇಕಾಯಿತು. ಒಂಬೈನೂರು ವರ್ಷದ ಚರ್ಮಪತ್ರವನ್ನಾದರೋ ಲಿಪಿ ಬಲ್ಲವರು ಎಂದಿನಂತೆ ಓದುತ್ತಿದ್ದರು.

೫

ಕನ್ನಡದ ಬರೆಹಕ್ಕೆ ಈ ತೊಡಕು ಇನ್ನೊಂದು ರೀತಿಯಲ್ಲಿ ಒದಗಿದೆ. ೧೯೯೧ರ ಯುನಿಕೋಡ್ ಸಂಕೇತಪದ್ಧತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಅದು ಮೇಜಿನ ಗಣಕಗಳಲ್ಲಿ ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಆ ನಡುವೆ ನಮ್ಮ ಕಛೇರಿಗಳೂ ಮುದ್ರಣಾಲಯಗಳೂ ಕಾಲೇಜುಗಳೂ ೧೯೯೮ರಲ್ಲಿ ಹೊರಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮೊದಲಾದ ತಂತ್ರಾಂಶಗಳಲ್ಲಿ ಬರೆದುವು. ಕನ್ನಡವನ್ನು ಗಣಕದೊಳಕ್ಕೆ ತಂದ ಇವುಗಳ ಉಪಕಾರ ದೊಡ್ಡದು. ಆದರೆ ಆ ಕಾಲದ ಕಡತಗಳಲ್ಲಿ ಕನ್ನಡ ಅಕ್ಷರಗಳು ನಿಜವಾಗಿ ಇಂಗ್ಲಿಷಿನ ಅಕ್ಷರಚಿಹ್ನೆಗಳ ಸಂಖ್ಯೆಗಳಲ್ಲಿ ಅಡಗಿದ್ದುವು. ಅವುಗಳಿಗೆ ಕನ್ನಡದ ರೂಪವನ್ನು ಕೊಡುತ್ತಿದ್ದುದು ಫಾಂಟು ಮಾತ್ರ.

ಹೀಗಿರುವಲ್ಲಿ, ಡಿಸ್ಕು ಬದಲಾಯಿಸಿ ಕಾರ್ಯಾಚರಣ ವ್ಯವಸ್ಥೆಯನ್ನು ಹೊಸದಾಗಿ ಹಾಕಿದ ಗಣಕದಲ್ಲಿ ಅಂಥ ಕಡತವನ್ನು ತೆರೆದರೆ ಏನು ಕಾಣುವುದು? ಒಂದು ಬೈಟೂ ಲೋಪವಾಗಿಲ್ಲ. ಆದರೆ ಓದಲು ಒಂದು ಅಕ್ಷರವೂ ಬಾರದು. ಲಿಪಿಯ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಆ ಫಾಂಟನ್ನು ಮತ್ತೆ ಹಾಕಿದೊಡನೆ ಬರೆಹವು ಜೀವಗೊಳ್ಳುತ್ತದೆ. ಒಂದು ತಂತ್ರಾಂಶದ ಕಡತವನ್ನು ಇನ್ನೊಂದರ ಫಾಂಟಿನಿಂದ ತೆರೆದಾಗ ಕೆಲವು ಅಕ್ಷರಗಳು ಮಾತ್ರ ವ್ಯತ್ಯಾಸವಾಗಿ ಕಾಣುವುದುಂಟು. ಇದು ಇನ್ನೂ ಅಪಾಯಕರ, ಏಕೆಂದರೆ ಓದುಗನು ಅದನ್ನು ಬರೆದವನ ಕಾಗುಣಿತದೋಷವೆಂದೇ ಭ್ರಮಿಸಬಹುದು. ಲಿಪಿಯ ಕೀಲಿಯನ್ನು ಕಳೆದುಕೊಂಡ ಶಾಸನಕ್ಕೂ ಫಾಂಟನ್ನು ಕಳೆದುಕೊಂಡ ಕಡತಕ್ಕೂ ತತ್ತ್ವತಃ ಭೇದವಿಲ್ಲ. ೧೯೯೦ರ ದಶಕದಿಂದ ಈಚೆಗೆ ನಮ್ಮ ಕಾಲೇಜುಗಳಲ್ಲಿ ಬರೆಯಲ್ಪಟ್ಟ ಎಷ್ಟೋ ಪ್ರಬಂಧಗಳ ಗಣಕಪ್ರತಿಗಳು ಈ ಸ್ಥಿತಿಯಲ್ಲಿವೆ. ಅವನ್ನು ಯುನಿಕೋಡಿಗೆ ಪರಿವರ್ತಿಸಿ, ಮೂಲಕಡತವನ್ನೂ ಅದರ ಫಾಂಟನ್ನೂ ಜೊತೆಯಲ್ಲಿಯೇ ಇಡುವುದು ಅವಶ್ಯಕ.

೬

ಪ್ರಬಂಧವೊಂದು ನಷ್ಟವಾದರೆ ವಿದ್ವತ್ತಿಗೆ ಹಾನಿ. ಭೂದಾಖಲೆ ನಷ್ಟವಾದರೆ ಒಂದು ಕುಟುಂಬದ ಬಾಳಿಗೇ ಹಾನಿ. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯನ್ನು ಈ ದೃಷ್ಟಿಯಿಂದ ನೋಡಬೇಕು. ೨೦೦೨ರ ವೇಳೆಗೆ ರಾಜ್ಯದ ಅಂದಿನ ೧೭೭ ತಾಲ್ಲೂಕುಗಳ, ಸುಮಾರು ೬೭ ಲಕ್ಷ ಭೂಮಾಲೀಕರಿಗೆ ಸೇರಿದ, ಸುಮಾರು ೨ ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಲಾಯಿತು. ಕೈಬರಹದ ಪಹಣಿಯ ವಿತರಣೆಯು ನಿಂತು ಗಣಕದ ಪಹಣಿಗೇ ಮಾನ್ಯತೆ ಬಂದಿತು. ಮೊದಲು ಶಾನುಭೋಗರೂ ಬಳಿಕ ಗ್ರಾಮಲೆಕ್ಕಿಗರೂ ಬರೆದಿಡುತ್ತಿದ್ದ ದಾಖಲೆಯು ಹೀಗೆ ತನ್ನ ಆಧಾರದ್ರವ್ಯವನ್ನು ಬದಲಾಯಿಸಿತು. ಮೊದಮೊದಲು ಆಯಾ ತಾಲ್ಲೂಕು ಕಛೇರಿಯ ಗಣಕದಲ್ಲಿಯೇ ಇದ್ದ ದತ್ತಾಂಶವನ್ನು ಮುಂದೆ ರಾಜ್ಯದ ದತ್ತಾಂಶ ಕೇಂದ್ರಕ್ಕೆ ಸೇರಿಸಲಾಯಿತು. ಒಂದು ಕಛೇರಿಯ ಒಂದು ಡಿಸ್ಕು ಕೆಟ್ಟರೆ ಇಡೀ ತಾಲ್ಲೂಕಿನ ಹಕ್ಕುಗಳು ತೂಗಾಡುವ ಸ್ಥಿತಿ ಇದರಿಂದ ತಪ್ಪಿತು.

ಆದರೆ ಪುನಃಸ್ಥಾಪನೆಯು ಇಲ್ಲಿಗೆ ಮುಗಿಯುವುದಿಲ್ಲ. ಕಾಗದದಿಂದ ಗಣಕಕ್ಕೆ ಏರಿಸುವಾಗ ಹೆಸರಿನಲ್ಲಿಯೋ ವಿಸ್ತೀರ್ಣದಲ್ಲಿಯೋ ತಪ್ಪು ನುಸುಳಿದ್ದಲ್ಲಿ, ಗಣಕದ ಪ್ರತಿಗಳನ್ನು ಎಷ್ಟು ಬಾರಿ ತೆಗೆದಿಟ್ಟರೂ ಆ ತಪ್ಪೇ ಮರಳಿ ಬರುತ್ತದೆ. ಪಹಣಿಯ ತಿದ್ದುಪಡಿಯನ್ನು ಕೋರುವ ರೈತನು ಆಗ ಯಾವುದನ್ನು ಆಧಾರವಾಗಿ ತೋರಿಸಬೇಕು? ದಾಖಲೆಕೊಠಡಿಯ ಬಟ್ಟೆಗಂಟಿನೊಳಗಿನ ಹಳೆಯ ಕೈಬರಹದ ಪಹಣಿಯನ್ನೇ. ಬೆಂಗಳೂರು ಪೂರ್ವ ತಾಲ್ಲೂಕಿನಂಥ ಪ್ರದೇಶದಲ್ಲಿ ಇದರ ಮಹತ್ವವು ಮಿಗಿಲಾದುದು. ಇಲ್ಲಿ ಹೊಲಗದ್ದೆಗಳು ನಿವೇಶನಗಳಾಗಿವೆ. ಬಿನ್ನಮಂಗಲದಂಥ ಹಳ್ಳಿಯು ಇಂದು ಇಂದಿರಾನಗರದೊಳಗೆ ಲೀನವಾಗಿದೆ. ಇಂಥ ಬಡಾವಣೆಗಳಲ್ಲಿ ಮನೆಗೆ ನಿವೇಶನದ ಸಂಖ್ಯೆಯಿದ್ದರೂ ಕ್ರಯಪತ್ರದ ಬೇರು ಹಳ್ಳಿಯ ಸರ್ವೆ ನಂಬರಿನಲ್ಲಿದೆ. ಹೊಸ ಗುರುತಿಗೂ ಹಳೆಯ ಗುರುತಿಗೂ ಇರುವ ಸಂಬಂಧದ ಕೊಂಡಿ ಕಳಚಿತೆಂದರೆ, ಡಿಸ್ಕಿನ ಪಟ್ಟಿಯಲ್ಲಿ ಹಳೆಯ ಸಂಖ್ಯೆ ಉಳಿದ ಯಂತ್ರದ ಪಾಡೇ ಆ ಕುಟುಂಬಕ್ಕೂ ಒದಗುತ್ತದೆ: ಎಲ್ಲವೂ ಇದೆ, ಯಾವುದೂ ದೊರೆಯದು.

೨೦೨೪ರಲ್ಲಿ ಸರ್ಕಾರವು ‘ಭೂ ಸುರಕ್ಷಾ’ ಎಂಬ ಹೆಸರಿನಲ್ಲಿ ತಾಲ್ಲೂಕು ಕಛೇರಿಗಳ ಹಳೆಯ ಕಾಗದಪತ್ರಗಳನ್ನು ಗಣಕೀಕರಿಸುವ ಕಾರ್ಯವನ್ನು ಆರಂಭಿಸಿತು. ಇಲ್ಲಿ ಅಕ್ಷರಗಳನ್ನು ಮತ್ತೆ ಕೈಯಿಂದ ಬರೆಯದೆ ಹಾಳೆಯ ಚಿತ್ರವನ್ನೇ ತೆಗೆಯುವುದರಿಂದ ಪಡಿಯಚ್ಚಿನ ಗುಣವು ಇದಕ್ಕುಂಟು. ಆದರೆ ಚಿತ್ರ ತೆಗೆದಾಯಿತೆಂಬ ಕಾರಣದಿಂದ ಮೂಲದ ಹಾಳೆಯನ್ನು ಹಾಳುಗೆಡಹುವುದು ಸಲ್ಲದು. ಶಾಸನದ ಪಾಠ ಅಚ್ಚಾಯಿತೆಂದು ಯಾರೂ ಕಲ್ಲನ್ನು ಒಡೆಯಲು ಹೇಳುವುದಿಲ್ಲವಷ್ಟೆ.

೭

ಕೊನೆಯದಾಗಿ, ಪುನಃಸ್ಥಾಪಿತವಾದ ದಾಖಲೆಯ ಪ್ರಾಮಾಣ್ಯವನ್ನು ಕುರಿತು ಕೆಲವು ಮಾತು. ಗಂಗರ ತಾಮ್ರಶಾಸನಗಳಲ್ಲಿ ಹಲವನ್ನು ಲಿಪಿಯ ಆಧಾರದಿಂದ ಜೆ. ಎಫ್. ಫ್ಲೀಟ್ ಅವರು ಕೂಟಶಾಸನಗಳೆಂದು ತಳ್ಳಿಹಾಕಿದುದೂ ರೈಸ್ ಅವರು ಅವುಗಳನ್ನು ಸಮರ್ಥಿಸಿದುದೂ ಸುಪ್ರಸಿದ್ಧ. ಹೇಳಿಕೊಳ್ಳುವ ಕಾಲಕ್ಕಿಂತ ಲಿಪಿಯು ಈಚಿನದಾಗಿದ್ದರೆ ಅದು ಕೂಟಶಾಸನವಾಗಿರಬಹುದು, ಇಲ್ಲವೆ ನಿಜವಾದ ಮೂಲದ ಈಚಿನ ಪ್ರತಿಯಾಗಿರಬಹುದು. ಗಣಕದ ಕಡತದಲ್ಲಿಯೂ ಇದೇ ಬಗೆಯ ಕುರುಹು ಕಾಣುತ್ತದೆ. ವಿಂಡೋಸ್ ವ್ಯವಸ್ಥೆಯಲ್ಲಿ ಒಂದು ಕಡತವನ್ನು ಹೊಸ ಡಿಸ್ಕಿಗೆ ಸಾಮಾನ್ಯ ರೀತಿಯಲ್ಲಿ ನಕಲುಮಾಡಿದಾಗ, ಅದನ್ನು ಕಡೆಯ ಬಾರಿ ತಿದ್ದಿದ ದಿನಾಂಕವು ಹಾಗೆಯೇ ಉಳಿದು, ಸೃಷ್ಟಿಯಾದ ದಿನಾಂಕವು ಮಾತ್ರ ನಕಲಿನ ದಿನಕ್ಕೆ ಬದಲಾಗುತ್ತದೆ. ಹುಟ್ಟುವುದಕ್ಕೆ ಮೊದಲೇ ತಿದ್ದಲ್ಪಟ್ಟಂತೆ ತೋರುವ ಇಂಥ ಕಡತವನ್ನು ಕಂಡು ಅವಸರದಲ್ಲಿ ಮೋಸವೆಂದು ತೀರ್ಮಾನಿಸುವುದೂ ತಪ್ಪು, ಆ ದಿನಾಂಕವನ್ನೇ ನಂಬಿ ಕಾಲನಿರ್ಣಯ ಮಾಡುವುದೂ ತಪ್ಪು. ಅದು ಪ್ರತಿಯೆಂಬುದಕ್ಕೆ ಸಾಕ್ಷಿ, ಅಷ್ಟೆ. ಡಿಸ್ಕನ್ನು ಯಾವಾಗ, ಯಾರು, ಯಾವ ಪ್ರತಿಯಿಂದ ಪುನಃಸ್ಥಾಪಿಸಿದರೆಂಬ ಒಂದು ಸಣ್ಣ ಟಿಪ್ಪಣಿ ಜೊತೆಗಿದ್ದಲ್ಲಿ ಮುಂದಿನ ಸಂಶೋಧಕನ ಸಂಶಯವು ನಿವಾರಣೆಯಾಗುತ್ತದೆ.

ಪ್ರತಿಯಿದೆಯೆಂಬ ನಂಬಿಕೆಯೊಂದೇ ಸಾಲದೆಂಬುದಕ್ಕೂ ನಿದರ್ಶನವಿದೆ. ೧೯೯೮ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ ೨’ ಎಂಬ ಚಲನಚಿತ್ರದ ಕಡತಗಳು ಒಂದು ಆಜ್ಞೆಯಿಂದ ಅಳಿಸಿಹೋದಾಗ, ದಿನವೂ ತೆಗೆಯುತ್ತಿದ್ದ ಬ್ಯಾಕಪ್ಪು ಸರಿಯಾಗಿ ಕೆಲಸಮಾಡುತ್ತಿರಲಿಲ್ಲವೆಂದು ತಿಳಿದುಬಂದಿತು. ಸಿಬ್ಬಂದಿಯ ಒಬ್ಬರು ಮನೆಯಿಂದ ಕೆಲಸಮಾಡಲು ಒಯ್ದಿದ್ದ ಪ್ರತಿಯಿಂದ ಬಹುಭಾಗವನ್ನು ಮರಳಿ ಪಡೆಯಲಾಯಿತು. ಕಛೇರಿಯ ವಿಧಿವತ್ತಾದ ಪ್ರತಿಯು ವಿಫಲವಾಗಿ, ಬೇರೆ ಸೂರಿನಡಿಯ ಪ್ರತಿಯು ಕಾಪಾಡಿತು.

ಮೇಲ್ಕಂಡ ವಿವೇಚನೆಯಿಂದ ಮೂರು ಅಂಶಗಳು ನಿಷ್ಪನ್ನವಾಗುತ್ತವೆ. ಮೊದಲನೆಯದಾಗಿ, ಬರೆಹದ ಜೊತೆಗೆ ಅದನ್ನು ಓದಿಸುವ ಸಾಧನವನ್ನೂ ಗುರುತುಗಳ ಪಟ್ಟಿಯನ್ನೂ ತೆಗೆದಿಡಬೇಕು. ಎರಡನೆಯದಾಗಿ, ಪ್ರತಿಯು ಮೂಲದ ಪಕ್ಕದಲ್ಲಿರದೆ ಬೇರೊಂದೆಡೆ ಇರಬೇಕು. ಒಮ್ಮೆಯಾದರೂ ಅದರಿಂದ ವ್ಯವಸ್ಥೆಯನ್ನು ನಿಲ್ಲಿಸಿ ನೋಡಿರಬೇಕು. ಮೂರನೆಯದಾಗಿ, ಪುನಃಸ್ಥಾಪನೆಯ ಕಾರ್ಯವೇ ಒಂದು ಐತಿಹಾಸಿಕ ಘಟನೆಯೆಂದು ಎಣಿಸಿ ಅದನ್ನು ದಾಖಲಿಸಬೇಕು. ಶಾಸನಗಳ ಪಾಠಗಳನ್ನು ಪರಿಷ್ಕರಿಸುವ ವಿದ್ಯಾರ್ಥಿಗಳಿಗೆ ನಾವು ಕಲಿಸುವ ಎಚ್ಚರಿಕೆಗಳು ಇವೇ ಆಗಿವೆ. ನಮ್ಮ ಇತಿಹಾಸ ವಿಭಾಗಗಳು ತಮ್ಮ ಸ್ವಂತ ಗಣಕಗಳ ವಿಷಯದಲ್ಲಿಯೂ ಅವನ್ನು ಪಾಲಿಸುವುದು ಉಚಿತ. ಆಯಾ ಕಾಲೇಜಿನಲ್ಲಿ ೧೯೯೦ರ ದಶಕದಿಂದ ಈಚೆಗೆ ಸಿದ್ಧವಾದ ಪ್ರಬಂಧಗಳ ಗಣಕಪ್ರತಿಗಳನ್ನೂ ಅವುಗಳ ಫಾಂಟುಗಳನ್ನೂ ಪಟ್ಟಿಮಾಡುವ ಕೆಲಸದಿಂದ ಇದನ್ನು ಆರಂಭಿಸಬಹುದಾಗಿದೆ.